ದೊಡ್ಡಣ್ಣ ಜೋಡಿಸಿದ ಎರಡನೇ ‘ರ’



ಕಳೆದ ಸಲ ಕೊಟ್ಟಿಗೆ ಮಾಡಿನ ಬಗ್ಗೆ ಬರೆದಾಗ “ಹಳೆ ಪತ್ರಿಕೆ ಮಾರಿ ಬಂದ ದುಡ್ಡಿನಲ್ಲಿ ಹಂಚು ತಂದೆವು” ಅಂತ ಒಂದು ಸಾಲು ಹಾಕಿದ್ದೆ. ಹಂಚಿನ ರೇಟು ಕೇಳಿದವರು ಮೂರು ಜನ. ಹಳೆ ಪತ್ರಿಕೆಯ ರೇಟು ಕೇಳಿದವರು ನಲವತ್ತಕ್ಕೂ ಮೇಲೆ! ಕೆಲವರು ನಾನು ತಮಾಷೆ ಮಾಡಿದ್ದು ಅಂದುಕೊಂಡಿದ್ದಾರೆ. ತಮಾಷೆಯಲ್ಲ ಮಾರಾಯ್ರೆ. ರದ್ದಿ ರೇಟಿಗೆ ಮಾರಿದ್ದೂ ಅಲ್ಲ. ಹಾಗಾಗಿ ಇವತ್ತು ಮಲ್ಲಿಗೆ ಗಿಡದ ಸುದ್ದಿ ಬದಿಗಿಟ್ಟು ಆ ಟ್ರಂಕಿನ ಸುದ್ದಿಯನ್ನೇ ಬರೆಯುತ್ತೇನೆ. ಉದ್ದ ಆಗ್ತದೆ. ಚಾ ಕುಡಿದು ಕೂತುಕೊಂಡು ಓದಿ.

ಟ್ರಂಕು ನನ್ನದಲ್ಲ, ನಮ್ಮ ದೊಡ್ಡಣ್ಣನದು. ನನಗಿಂತ ಹದಿನಾರು ವರ್ಷ ದೊಡ್ಡವನು. ಈಗ ಇಲ್ಲ. ನಾನು ಶಾಲೆಗೆ ಸೇರುವ ಹೊತ್ತಿಗೆ ಅವನು ಬೆಳಕೆಯಿಂದ ದಿನಾ ಪೇಟೆಗೆ ಹೋಗಿ ಒಂದು ಸಣ್ಣ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದ. ಕಂಪೋಸಿಟರ್ ಅಂತ ಕರೆಯುವುದು. ಮದುವೆ ಕಾಗದ, ಆಟದ ಹ್ಯಾಂಡ್‌ಬಿಲ್, ಸೊಸೈಟಿಯ ರಶೀದಿ ಪುಸ್ತಕ, ಇಂಥವೇ ಆ ಪ್ರೆಸ್ಸಿನ ಕೆಲಸ. ಸಂಬಳ ಹೇಳಿಕೊಳ್ಳುವಂಥದ್ದಲ್ಲ. ಆದರೆ ಓದುವ ಚಟ ಅಂಟಿಸಿಕೊಂಡ. ಸಂಬಳದ ದಿನ ಬಸ್‌ಸ್ಟ್ಯಾಂಡಿನ ಅಂಗಡಿಯಿಂದ ಒಂದೆರಡು ಪತ್ರಿಕೆ ಬಗಲಲ್ಲಿ ಇಟ್ಟುಕೊಂಡೇ ಬರುತ್ತಿದ್ದ. ಓದಿ ಆದ ಮೇಲೆ ಬಿಸಾಡುತ್ತಿರಲಿಲ್ಲ. ಅತ್ತಿಗೆಗೆ ತವರಿನಿಂದ ಕೊಟ್ಟ ಕಬ್ಬಿಣದ ಟ್ರಂಕಿನಲ್ಲಿ ಸೀರೆ ತೆಗೆದು ಪತ್ರಿಕೆ ತುಂಬಿದ. ಅದರ ಬಗ್ಗೆ ಅತ್ತಿಗೆಗೆ ಈಗಲೂ ಒಂದು ಮಾತು ಉಂಟು, ಅದು ಇಲ್ಲಿ ಬೇಡ.

ಈ ವರ್ಷ ಮಳೆಗಾಲಕ್ಕೆ ಮುಂಚೆ ಬೆಂಗಳೂರಿನಿಂದ ಒಬ್ಬಳು ಹುಡುಗಿ ಬಂದಳು. ನಮ್ಮ ಪಕ್ಕದ ಮನೆಯವರ ಸಂಬಂಧದವಳು. ಚಿತ್ರಕಲೆ, ಡಿಸೈನು ಓದಿದವಳು. ಹಳೆ ಪತ್ರಿಕೆ, ಹಳೆ ಪೋಸ್ಟರು, ಹಳೆ ಫೋಟೋ ಪುಸ್ತಕ ಹುಡುಕಿ ತೆಗೆದು ಸಂಗ್ರಹ ಮಾಡುವವರಿಗೆ ಕೊಡುವುದು ಅವಳ ಉದ್ಯೋಗ. ಎಪ್ಪತ್ತು, ಎಂಬತ್ತರ ದಶಕದ್ದಾದರೆ ಒಳ್ಳೆ ಬೆಲೆ ಉಂಟಂತೆ. “ಅಂಕಲ್, ನಿಮ್ಮ ಮನೆಯಲ್ಲಿ ಲಂಕೇಶ್ ಪತ್ರಿಕೆಯ ಮೊದಲ ವರ್ಷದ ಸಂಚಿಕೆ ಉಂಟಂತಲ್ಲಾ” ಅಂತ ಬಾಗಿಲಲ್ಲೇ ಕೇಳಿದಳು. ಟ್ರಂಕು ಅಟ್ಟದಿಂದ ಇಳಿಸಿದೆವು. ಒರಲೆ ಹಿಡಿದಿರಲಿಲ್ಲ, ಪುಣ್ಯ. ಕೆಳಗಿನ ಎರಡು ಸಾಲು ಮಾತ್ರ ಶೀತಕ್ಕೆ ಒಂದಕ್ಕೊಂದು ಅಂಟಿತ್ತು.

ಅವಳು ನೆಲಕ್ಕೆ ಬೆಡ್‌ಶೀಟ್ ಹಾಸಿ ಒಂದೊಂದೇ ತೆಗೆದು ಗುಡ್ಡೆ ಮಾಡಿದಳು. ಸುಧಾ ಒಂದು ಗುಡ್ಡೆ, ಮಯೂರ, ತುಷಾರ ಸೇರಿ ಒಂದು. ತರಂಗ ಬೇರೆ. ಲಂಕೇಶ್ ಪತ್ರಿಕೆ ಎಲ್ಲಕ್ಕಿಂತ ದೊಡ್ಡ ಗುಡ್ಡೆ. ಸಂಕ್ರಮಣ, ಶೂದ್ರ ಅಂಥ ಸಣ್ಣ ಪತ್ರಿಕೆ ಹತ್ತು ಹನ್ನೆರಡು. ಅಡಿಕೆ ಪತ್ರಿಕೆ ಒಂದು ಕಟ್ಟು. ಕಡೆಗೆ ಯಾವ ಗುಡ್ಡೆಗೂ ಸೇರದ ಹಾಳೆ ಕಾಗದ ಒಂದು ಮೂಲೆಗೆ. ಆ ಮೂಲೆಯದ್ದನ್ನು “ಇದು ಬೇಡ ಅಂಕಲ್, ಡಿಸೈನ್ ಏನಿಲ್ಲ” ಅಂದಳು. ನಾನು ಹೂಂ ಅಂದೆ.

ಅವಳು ಪುಟ ನೋಡುವ ಕ್ರಮ ನಮ್ಮ ಹಾಗಲ್ಲ. ನಾವು ಓದುತ್ತೇವೆ, ಅವಳು ಓದುವುದೇ ಇಲ್ಲ! ಮುಖಪುಟ, ತಲೆಬರಹದ ಅಕ್ಷರ, ಚಿತ್ರ, ಫೋಟೋ, ಅಷ್ಟೇ. ಮೊದಲು ನನಗೆ ಸಿಟ್ಟು ಬಂತು. ಆಮೇಲೆ ಕೂತು ಕೇಳಿದರೆ ವಿಷಯ ಉಂಟು ಅವಳ ಹತ್ರ. ಸುಧಾ, ಮಯೂರದ ಕತೆಗಳಿಗೆ ಚಂದ್ರನಾಥ ಆಚಾರ್ಯರು ಬರೆದ ಚಿತ್ರ ತೆಗೆದು, “ನೋಡಿ ಅಂಕಲ್, ಕತೆಯಲ್ಲಿ ಇರುವುದನ್ನೇ ಇವರು ಬರೆಯುವುದಿಲ್ಲ, ಕತೆಯ ಪಕ್ಕದಲ್ಲಿ ನಿಂತು ಬೇರೆ ಒಂದು ಹೇಳುತ್ತಾರೆ” ಅಂದಳು. ಅವರು ಪುತ್ತೂರು ಕಡೆಯವರು. ಆ ಚಿತ್ರಗಳನ್ನು ನಾನು ಹುಡುಗನಿದ್ದಾಗ ಎಷ್ಟೋ ಸಲ ನೋಡಿದ್ದೇನೆ. ಹೆಸರು ನೋಡಿದ್ದು ಈಗ. ಸಂಸ್ಕಾರ ಸಿನಿಮಾ 1970ರದ್ದು, ಎಲ್ಲರಿಗೂ ಗೊತ್ತು. ಅದಕ್ಕೆ ಕಲಾ ನಿರ್ದೇಶನ ಮಾಡಿದವರು ಎಸ್.ಜಿ. ವಾಸುದೇವ್ ಅನ್ನುವ ಚಿತ್ರಕಾರರು ಅಂತಲೂ ಅವಳಿಂದಲೇ ಗೊತ್ತಾದದ್ದು. ಆ ಕಾಲದಲ್ಲಿ ಕತೆ ಬರೆಯುವವರು, ನಾಟಕದವರು, ಚಿತ್ರ ಬರೆಯುವವರು ಎಲ್ಲ ಒಂದೇ ಚಾ ಅಂಗಡಿಯವರು ಅಂತ ಕಾಣ್ತದೆ.

ಆದರೆ ಅವಳ ಜೀವ ಇದ್ದದ್ದು ಲಂಕೇಶ್ ಪತ್ರಿಕೆಯ ಗುಡ್ಡೆಯ ಮೇಲೆ. ಈಗಿನ ಹುಡುಗರಿಗಾಗಿ ಒಂದು ಮಾತು. ಅದು ಶುರುವಾದದ್ದು 1980ರ ಜುಲೈಯಲ್ಲಿ. ಕಪ್ಪು ಬಿಳುಪು, ನ್ಯೂಸ್‌ಪ್ರಿಂಟ್ ಕಾಗದ, ಅರ್ಧ ಪೇಪರಿನ ಅಳತೆ. ಜಾಹೀರಾತು ತೆಗೆದುಕೊಳ್ಳುತ್ತಿರಲಿಲ್ಲ, ಓದುವವರ ದುಡ್ಡಿನಲ್ಲೇ ನಡೆಯಬೇಕು. ಅದೇ ತಿಂಗಳು 21ಕ್ಕೆ ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆಯಿತು. ಗುಂಡೂರಾಯರು ಮುಖ್ಯಮಂತ್ರಿ. ಪತ್ರಿಕೆ ಅವರನ್ನು ಬರೀ ‘ಗುಂ’ ಅಂತ ಬರೆಯುತ್ತಿತ್ತು. ಮುಖ್ಯಮಂತ್ರಿಗೆ ಒಂದೂವರೆ ಅಕ್ಷರ! ದೊಡ್ಡಣ್ಣ ಅದನ್ನು ಜಗಲಿಯಲ್ಲಿ ಗಟ್ಟಿಯಾಗಿ ಓದಿದರೆ ಅಪ್ಪ, “ಸಣ್ಣಕೆ ಓದಾ, ಶಾನುಭೋಗ್ರ ಮನೆಗೆ ಕೇಳ್ತದೆ” ಅನ್ನುತ್ತಿದ್ದ. ನನಗೆ ಹತ್ತು ವರ್ಷ. ಅಧಿಕಾರದವರ ಹೆಸರನ್ನು ಹೀಗೂ ಬರೆಯಬಹುದು ಅಂತ ಗೊತ್ತಾದದ್ದು ಆಗಲೇ.

ಆ ಸಂಚಿಕೆಗಳನ್ನು ನೋಡುತ್ತಾ ಹುಡುಗಿ “ಇದು ನಮ್ಮ ಪಂಕ್ ಅಂಕಲ್” ಅಂದಳು. ಪಂಕ್ ಅಂದರೆ ಎಂತದು ಅಂತ ನಾನು ಕೇಳಿದೆ. ತಲೆಕೂದಲು ಕೋಳಿಜುಟ್ಟಿನ ಹಾಗೆ ನಿಲ್ಲಿಸಿಕೊಂಡವರ ಚಿತ್ರ ಬಿಟ್ಟರೆ ನನಗೇನೂ ಗೊತ್ತಿರಲಿಲ್ಲ. ಅವಳು ಮೊಬೈಲು ತೆಗೆದು ಒಂದು ತಾಸು ತೋರಿಸಿದಳು. ನನಗೆ ಅರ್ಥವಾದಷ್ಟು ಹೇಳುತ್ತೇನೆ.

1976, 77ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಕೆಲಸ ಇಲ್ಲದ, ದುಡ್ಡಿಲ್ಲದ ಹುಡುಗರು ತಾವೇ ಬ್ಯಾಂಡ್ ಕಟ್ಟಿಕೊಂಡು ಕಿವಿ ಒಡೆಯುವ ಹಾಡು ಶುರು ಮಾಡಿದರು. ದೊಡ್ಡ ಪತ್ರಿಕೆಗಳು ಅವರನ್ನು ಸರಿಯಾಗಿ ಗಣಿಸಲಿಲ್ಲ. ಸರಿ, ತಾವೇ ಪತ್ರಿಕೆ ಮಾಡಿದರು. ಲಂಡನ್ನಿನಲ್ಲಿ ಮಾರ್ಕ್ ಪೆರಿ ಅನ್ನುವ ಬ್ಯಾಂಕ್ ಗುಮಾಸ್ತ ಹುಡುಗ 1976ರಲ್ಲಿ ‘ಸ್ನಿಫಿನ್ ಗ್ಲೂ’ ಅಂತ ಒಂದು ತಂದ. ಮಕ್ಕಳ ಟೈಪ್‌ರೈಟರಿನಲ್ಲಿ ಕುಟ್ಟಿದ್ದು, ತಲೆಬರಹ ದಪ್ಪ ಸ್ಕೆಚ್ ಪೆನ್ನಿನಲ್ಲಿ ಕೈಯಲ್ಲೇ ಬರೆದದ್ದು, ಜೆರಾಕ್ಸ್ ಮಾಡಿ ಪಿನ್ ಹೊಡೆದದ್ದು. ಮೊದಲ ಸಂಚಿಕೆ ಐವತ್ತು ಪ್ರತಿಯಷ್ಟು. ತಪ್ಪು ಅಕ್ಷರಕ್ಕೆ ಗೀಟು ಹಾಕಿ ಹಾಗೇ ಬಿಟ್ಟಿದ್ದಾನೆ. ಜೇಮಿ ರೀಡ್ ಅನ್ನುವ ಇನ್ನೊಬ್ಬ ‘ಸೆಕ್ಸ್ ಪಿಸ್ತೂಲ್ಸ್’ ಅನ್ನುವ ಬ್ಯಾಂಡಿಗೆ ಚಿತ್ರ ಮಾಡಿದವನು. 1977ರಲ್ಲಿ ಅವರ ರಾಣಿಯ ಫೋಟೋ ತೆಗೆದುಕೊಂಡು ಕಣ್ಣಿನ ಮೇಲೆ, ಬಾಯಿಯ ಮೇಲೆ ಪಟ್ಟಿ ಅಂಟಿಸಿ ಅದರಲ್ಲಿ ಹರಿದ ಅಕ್ಷರ ಕೂರಿಸಿದ. ಒಂದೊಂದು ಅಕ್ಷರ ಒಂದೊಂದು ಅಳತೆ, ಮಕ್ಕಳನ್ನು ಅಪಹರಿಸಿದವರು ದುಡ್ಡಿಗೆ ಬರೆಯುವ ಕಾಗದದ ಹಾಗೆ.

ಫೋಟೋದ್ದೂ ಹಾಗೇ. ‘ಲಂಡನ್ ಕಾಲಿಂಗ್’ ಅಂತ 1979ರ ಒಂದು ರೆಕಾರ್ಡಿನ ಹೊದಿಕೆ ತೋರಿಸಿದಳು. ವಾದ್ಯ ಬಾರಿಸುವವನು ಸಿಟ್ಟಿನಲ್ಲಿ ಗಿಟಾರನ್ನು ನೆಲಕ್ಕೆ ಅಪ್ಪಳಿಸುತ್ತಿದ್ದಾನೆ. ನಮ್ಮಲ್ಲಿ ಭತ್ತ ಬಡಿಯುವ ಭಂಗಿಯೇ, ಬೇರೆ ಅಲ್ಲ. ಪೆನಿ ಸ್ಮಿತ್ ಅನ್ನುವ ಹೆಂಗಸು ತೆಗೆದ ಫೋಟೋ. ಫೋಕಸ್ ತಪ್ಪಿದೆ, ಬಳಸುವುದು ಬೇಡ ಅಂತ ಅವಳೇ ಹೇಳಿದ್ದಳಂತೆ. ಬ್ಯಾಂಡಿನವರು ಕೇಳಲಿಲ್ಲ. ಈಗ ಅದು ಲೋಕಪ್ರಸಿದ್ಧ.

“ಈಗ ಆ ಪತ್ರಿಕೆ ಎಲ್ಲ ಭಾರಿ ಬೆಲೆಗೆ ಹೋಗ್ತದೆ” ಅಂದಳು. ಹರಿದ ಪ್ಯಾಂಟನ್ನು ಹೊಸ ಪ್ಯಾಂಟಿಗಿಂತ ದುಬಾರಿಗೆ ಮಾರುವ ವಿದ್ಯೆ ಅಲ್ಲಿಂದಲೇ ಬಂತಾ ಅಂತ ಕೇಳಿದೆ. ನಕ್ಕಳು. ಹೌದಂತೆ, ಸುಮಾರು ಅಲ್ಲಿಂದಲೇ.

ಮೂಲೆಗೆ ಹಾಕಿದ ಕಾಗದ ಆಗ ನನಗೆ ನೆನಪಾಯಿತು. ಜೇಮಿ ರೀಡನ ಆ ಏರುಪೇರು ಅಕ್ಷರ ನೋಡಿದ್ದೇ, ಇದನ್ನು ನಾನು ಎಲ್ಲೋ ಕಂಡಿದ್ದೇನೆ ಅನ್ನಿಸಿತು. ಎದ್ದು ಹೋಗಿ ಹುಡುಕಿದೆ. ಕೈಯಗಲದ ಒಂದು ಕರಪತ್ರ, ಮಾಸಿದ ಗುಲಾಬಿ ಬಣ್ಣದ ಕಾಗದ, ಎರಡು ಪ್ರತಿ. ತಲೆಬರಹ: “ಗೇಣಿದಾರ ರೈತರ ಗಮನಕ್ಕೆ”.

ಅದರಲ್ಲಿ ‘ರ’ ಎರಡು ಸಲ ಬರ್ತದೆ. ‘ಗೇಣಿದಾರ’ದಲ್ಲಿ ಒಂದು, ‘ರೈತರ’ದಲ್ಲಿ ಒಂದು. ಮೊದಲ ‘ರ’ ದಪ್ಪ, ಉಳಿದ ಅಕ್ಷರಗಳ ಜೊತೆಯದ್ದು. ಎರಡನೆಯ ‘ರ’ ಸಪೂರ, ಅರ್ಧ ಗೇಣು ಮೇಲೆ ಹಾರಿ ಕೂತ ಹಾಗೆ. ಅಪ್ಪಟ ಅದೇ ಜಾತಿ! ಹುಡುಗಿಯ ಕೈಗೆ ಕೊಟ್ಟೆ. ಅವಳು ಮಾತಾಡಲಿಲ್ಲ ಸುಮಾರು ಹೊತ್ತು.

ಆ ‘ರ’ದ ಕತೆ ದೊಡ್ಡಣ್ಣನೇ ನನಗೆ ಹೇಳಿದ್ದು. ಅವನ ಕೆಲಸ ಎಂಥದು ಅಂತ ಮೊದಲು ಹೇಳಬೇಕು. ಪ್ರೆಸ್ಸಿನಲ್ಲಿ ಮರದ ದೊಡ್ಡ ತಟ್ಟೆ, ಅದರಲ್ಲಿ ಜೇನುಗೂಡಿನ ಹಾಗೆ ಮನೆಗಳು, ಒಂದೊಂದು ಮನೆಯಲ್ಲಿ ಒಂದೊಂದು ಅಕ್ಷರದ ಸೀಸದ ಮೊಳೆ. ಇಂಗ್ಲಿಷಿಗಾದರೆ ಇಪ್ಪತ್ತಾರಕ್ಕೆ ಮುಗೀತು. ಕನ್ನಡಕ್ಕೆ ಕಾಗುಣಿತ ಬೇರೆ, ಒತ್ತು ಬೇರೆ, ದೀರ್ಘ ಬೇರೆ, ಅರ್ಕಾವೊತ್ತು ಬೇರೆ. ನೂರಾರು ಮನೆ. ಎಡಗೈಯಲ್ಲಿ ಸ್ಟಿಕ್ ಹಿಡಿದು, ಬಲಗೈಯಲ್ಲಿ ನೋಡದೇ ಮೊಳೆ ಹೆಕ್ಕಿ ಜೋಡಿಸುವುದು. ಅಕ್ಷರ ತಲೆಕೆಳಗು, ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ. ಹಾಗೆ ಓದಿ ಓದಿ ದೊಡ್ಡಣ್ಣನಿಗೆ ಎದುರು ಕೂತವರ ಕೈಯ ಪೇಪರನ್ನು ಈ ಕಡೆಯಿಂದಲೇ ಓದುವ ವಿದ್ಯೆ ಬಂದಿತ್ತು. ಬಸ್ಸಿನಲ್ಲಿ ಅದರಿಂದ ಬೈಸಿಕೊಂಡದ್ದೂ ಉಂಟು.

ಅಚ್ಚಾದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆದು, ಕಟ್ಟು ಬಿಚ್ಚಿ, ಮೊಳೆಗಳನ್ನು ಪುನಃ ಅವರವರ ಮನೆಗೆ ಹಾಕಬೇಕು. ಇಲ್ಲದಿದ್ದರೆ ನಾಳೆಯ ಕೆಲಸಕ್ಕೆ ಅಕ್ಷರ ಇಲ್ಲ. ಇವತ್ತು ಕರಪತ್ರದಲ್ಲಿದ್ದ ‘ಗ’ ನಾಳೆ ಯಾರದ್ದೋ ಗೃಹಪ್ರವೇಶಕ್ಕೆ. ದೊಡ್ಡ ಅಳತೆಯ ಮೊಳೆ ಸಣ್ಣ ಪ್ರೆಸ್ಸುಗಳಲ್ಲಿ ಒಂದೊಂದು, ಎರಡೆರಡು ಮಾತ್ರ ಇರುತ್ತಿದ್ದವು. ಸೀಸಕ್ಕೆ ದುಡ್ಡು ಬೇಕಲ್ಲ. ಆ ದಿನ ದೊಡ್ಡ ‘ರ’ ಇದ್ದದ್ದು ಒಂದೇ. ಇನ್ನೊಂದು ಆಟದ ಮೇಳದ ಹ್ಯಾಂಡ್‌ಬಿಲ್ಲಿನಲ್ಲಿ ಕಟ್ಟಿ ಮಷಿನ್ನಿನ ಮೇಲೆ ಇತ್ತಂತೆ. ಬಿಚ್ಚುವವರೆಗೆ ಕಾಯುವ ಹಾಗಿರಲಿಲ್ಲ. ಬೇರೆ ಜಾತಿಯ ‘ರ’ ಸಿಕ್ಕಿಸಿ, ಕೆಳಗೆ ಕಾಗದದ ಚೂರು ತುರುಕಿ ಬಿಗಿ ಮಾಡಿ, ಟ್ರೆಡಲ್ ತುಳಿದರು.

ಯಾಕೆ ಕಾಯುವ ಹಾಗಿರಲಿಲ್ಲ ಅಂದರೆ, ಅದು 1979ರ ಜೂನ್. ಭೂಸುಧಾರಣೆಯ ತಿದ್ದುಪಡಿ ಕಾಯಿದೆ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ, ದೇವರಾಜ ಅರಸರ ಕಾಲ. ಗೇಣಿ ಜಮೀನು ಅಂದಿನಿಂದ ಸರ್ಕಾರಕ್ಕೆ, ಉಳುವವನು ಏಳನೇ ನಮೂನೆಯಲ್ಲಿ ಅರ್ಜಿ ಕೊಟ್ಟರೆ ಟ್ರಿಬ್ಯೂನಲ್ ವಿಚಾರಣೆ ಮಾಡಿ ಅವನ ಹೆಸರಿಗೆ. ಡಿಕ್ಲರೇಶನ್ ಕೊಡುವುದು ಅಂತ ನಮ್ಮ ಕಡೆ ಹೇಳುತ್ತಾರೆ. ಗಡುವು ಮುಂದೆ ಹೋಗಿ ಹೋಗಿ ಕಡೆಗೆ 1979ರ ಜೂನ್ 30ಕ್ಕೆ ನಿಂತಿತು. ಅರ್ಜಿ ಕೊಡದ ಎಷ್ಟೋ ಜನ ಉಳಿದಿದ್ದರು. ಒಡೆಯರ ಹೆದರಿಕೆ ಕೆಲವರಿಗೆ, ದಾಕ್ಷಿಣ್ಯ ಕೆಲವರಿಗೆ, ಓದು ಬಾರದ್ದು ಎಲ್ಲರಿಗೂ. ನಮ್ಮ ಜಿಲ್ಲೆಯಲ್ಲಿ ಗೇಣಿದಾರರ ಹೋರಾಟ ಹಳೆಯದು. ದಿನಕರ ದೇಸಾಯರು ಅಂಕೋಲೆಯಿಂದ ‘ಜನಸೇವಕ’ ವಾರಪತ್ರಿಕೆ ನಡೆಸಿದ್ದೂ ಅದೇ ಕಾರಣಕ್ಕೆ. ಆದರೆ ಪತ್ರಿಕೆ ಓದುವವರು ಕೇರಿಗೆ ಒಬ್ಬ. ಕರಪತ್ರವಾದರೆ ಆ ಒಬ್ಬನೇ ಸಂತೆಯಲ್ಲಿ ನಿಂತು ಎಲ್ಲರಿಗೂ ಓದಿ ಹೇಳಬಹುದು.

ಆ ಕರಪತ್ರದ ಬರಹ ಹನ್ನೊಂದು ಸಾಲು. ಯಾವ ಕಚೇರಿಗೆ ಹೋಗಬೇಕು, ಸರ್ವೆ ನಂಬರು ಗೊತ್ತಿಲ್ಲದಿದ್ದರೆ ಯಾರನ್ನು ಕೇಳಬೇಕು, ಗೇಣಿ ರಶೀದಿ ಇಲ್ಲದಿದ್ದರೂ ಅರ್ಜಿ ಕೊಡಬಹುದು, ಅಕ್ಕಪಕ್ಕದವರ ಸಾಕ್ಷಿ ನಡೆಯುತ್ತದೆ, ಕಡೇ ದಿನ ಯಾವುದು. ಇಷ್ಟೇ. ಒಂದು ಘೋಷಣೆ ಇಲ್ಲ, ಒಂದು ಬೈಗುಳ ಇಲ್ಲ. ಕೆಳಗೆ ಸಣ್ಣಕೆ ಪ್ರೆಸ್ಸಿನ ಹೆಸರು. ಆಗ ಇದ್ದದ್ದು 1867ರ ಬ್ರಿಟಿಷರ ಕಾಯಿದೆ, ಅಚ್ಚು ಮಾಡಿದವರ ಹೆಸರು, ಊರು ಹಾಕಲೇಬೇಕಿತ್ತು. ಆ ಒಂದು ಸಾಲು ಹಾಕುವುದಕ್ಕೆ ಪ್ರೆಸ್ಸಿನ ಧಣಿಗೆ ಎಷ್ಟು ಧೈರ್ಯ ಬೇಕಿತ್ತು ಅಂತ ಈಗ ಕೂತು ಅಂದಾಜು ಮಾಡುವುದು ಕಷ್ಟ. ಅವರ ಮದುವೆ ಕಾಗದದ ಗಿರಾಕಿಗಳೆಲ್ಲ ಒಡೆಯರ ಮನೆಯವರೇ.

ನಮ್ಮ ಅಪ್ಪ ಅರ್ಜಿ ಕೊಟ್ಟದ್ದು ಆ ಜೂನಿನ ಕಡೇ ವಾರದಲ್ಲಿ. ಮಗ ಜೋಡಿಸಿದ ಕರಪತ್ರ ನೋಡಿ ಅಲ್ಲ, ಅಪ್ಪನಿಗೆ ಓದು ಬರುತ್ತಿರಲಿಲ್ಲ. ಬೇರೆಯವರು ಕೊಟ್ಟದ್ದು ಕಂಡು ಕೊಟ್ಟ. ನಾನು ಈಗ ಉಳುವ ಒಂದೂಕಾಲು ಎಕರೆ, ಈ ಪೇಜಿನಲ್ಲಿ ನೀವು ಫೋಟೋ ನೋಡುವ ಗದ್ದೆ, ಮಲ್ಲಿಗೆ ಗಿಡದ ಆ ಅಂಚು, ಎಲ್ಲ ಆ ಅರ್ಜಿಯದ್ದು.

ಇದನ್ನೆಲ್ಲ ಹೇಳಿದ ಮೇಲೆ ಹುಡುಗಿ ಆ ಕರಪತ್ರಕ್ಕೂ ದುಡ್ಡು ಹೇಳಿದಳು. ಡಿಸೈನ್ ಇಲ್ಲ ಅಂದದ್ದಕ್ಕೆ ಎರಡು ಸಾವಿರ! “ಈ ಸಪೂರ ‘ರ’ವೇ ಇದರ ಜೀವ ಅಂಕಲ್” ಅಂದಳು.

ಇಲ್ಲಿ ನನಗೂ ಅವಳಿಗೂ ಸರಿ ಹೋಗಲಿಲ್ಲ. ದೊಡ್ಡಣ್ಣನಿಗೆ ಆ ‘ರ’ ಅಂದರೆ ನಾಚಿಕೆ. ಸಾಯುವ ಎರಡು ವರ್ಷದ ಹಿಂದೆಯೂ ಅದನ್ನು ತೋರಿಸಿ, “ಒಂದು ತಾಸು ಕಾದಿದ್ರೆ ಸಮ ಮಾಡ್ತಿದ್ದೆ” ಅಂದವನು ಅವನು. ಲಂಡನ್ನಿನ ಹುಡುಗ ಬೇಕೆಂದೇ ಹರಿದು ಅಂಟಿಸಿದ. ಚಂದದ ಅಕ್ಷರ ಅವನಿಗೆ ಸಿಗುತ್ತಿತ್ತು, ಬೇಡ ಅಂದ. ನಮ್ಮವನಿಗೆ ಸಿಗಲಿಲ್ಲ. ಎರಡೂ ನೋಡುವುದಕ್ಕೆ ಒಂದೇ ಹಾಗೆ ಕಂಡರೂ, ಒಂದು ಮೊಗೆದು ಚೆಲ್ಲಿದ ನೀರು, ಇನ್ನೊಂದು ಬಾವಿಯೇ ಬತ್ತಿದ್ದು. ಅವಳಿಗೆ ಹಾಗೆಂದೆ. ಅವಳು ಒಪ್ಪಲಿಲ್ಲ. “ಇಬ್ಬರಿಗೂ ಅರ್ಜೆಂಟ್ ಇತ್ತಲ್ಲ ಅಂಕಲ್, ಅದು ಒಂದೇ ಅಲ್ವಾ” ಅಂದಳು. ಅದೂ ಯೋಚನೆ ಮಾಡುವಂಥ ಮಾತೇ. ಲಂಡನ್ನಿನ ಬ್ಯಾಂಕ್ ಗುಮಾಸ್ತ ಹುಡುಗ ಚಂದ ಮಾಡುವುದಕ್ಕೆ ಕೂತಿದ್ದರೆ ಐವತ್ತು ಪ್ರತಿಯೂ ಬರುತ್ತಿರಲಿಲ್ಲ.

ಆದರೆ ಒರಟಾಗಿ ಅಚ್ಚಾದದ್ದೆಲ್ಲ ಸತ್ಯ, ಚೊಕ್ಕ ಅಚ್ಚಾದದ್ದೆಲ್ಲ ಸುಳ್ಳು ಅನ್ನುವ ಅವಳ ಇನ್ನೊಂದು ಮಾತು ಮಾತ್ರ ನಾನು ಒಪ್ಪುವುದಿಲ್ಲ. 1970ರಲ್ಲಿ ಮಣಿಪಾಲದಿಂದ ಉದಯವಾಣಿ ಶುರುವಾದಾಗ ಅದರ ಆಫ್‌ಸೆಟ್ ಅಚ್ಚು ನೋಡಿ ನಮ್ಮ ಕರಾವಳಿಯ ಪ್ರೆಸ್ಸಿನವರೆಲ್ಲ ಬಾಯಿ ಬಿಟ್ಟು ನಿಂತರಂತೆ. ದೊಡ್ಡಣ್ಣ ಆ ಪೇಪರನ್ನು ಕಣ್ಣಿನ ಹತ್ತಿರ ಹಿಡಿದು ಫೋಟೋದ ಚುಕ್ಕೆ ಎಣಿಸುತ್ತಿದ್ದ. 1983ರಲ್ಲಿ ಬಂದ ತರಂಗದ ಬಣ್ಣದ ಪುಟ ಅವನು ಮಡಿಸುತ್ತಲೇ ಇರಲಿಲ್ಲ. 84ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಜನರ ಹತ್ತಿರ ಷೇರು ಎತ್ತಿ ಮಂಗಳೂರಿನಲ್ಲಿ ‘ಮುಂಗಾರು’ ದಿನಪತ್ರಿಕೆ ಮಾಡಿದರು. ಗಂಗೊಳ್ಳಿಯ ಪಂಜು ಅವರ ವ್ಯಂಗ್ಯಚಿತ್ರ ಅದರಲ್ಲಿ ಬರುತ್ತಿತ್ತು, ಎರಡು ಗೆರೆಯಲ್ಲಿ ಮಂತ್ರಿಯ ಹೊಟ್ಟೆ. ಅದನ್ನೂ ಅವನು ಕತ್ತರಿಸಿ ಇಟ್ಟಿದ್ದಾನೆ. ಅವನಿಗೆ ಎರಡೂ ಬೇಕಿತ್ತು, ಸಿಟ್ಟೂ ಬೇಕು, ಅಚ್ಚೂ ಚೊಕ್ಕ ಇರಬೇಕು. ಟ್ರಂಕಿನಲ್ಲಿದ್ದ ಆ ಕಾಲದ ಕೆಲವು ಬಂಡಾಯದ ಸಣ್ಣ ಪತ್ರಿಕೆಗಳನ್ನು ನಾನು ಈ ಸಲ ಪೂರ್ತಿ ಓದಲು ಹೋಗಿ ಅರ್ಧಕ್ಕೇ ಬಿಟ್ಟೆ. ಸಿಟ್ಟು ಉಂಟು, ಹೇಳುವುದು ಇಲ್ಲ.

ಅಡಿಕೆ ಪತ್ರಿಕೆಯ ಕಟ್ಟನ್ನು ಅವಳು ಮುಟ್ಟಲಿಲ್ಲ. 1988ರಲ್ಲಿ ಪುತ್ತೂರಿನಲ್ಲಿ ಶುರುವಾದದ್ದು, ಶ್ರೀಪಡ್ರೆಯವರದ್ದೆಲ್ಲ ಕೆಲಸ. ರೈತನೇ ಬರೆಯಬೇಕು ಅಂತ ಹಠ ಹಿಡಿದವರು. ಗಿಡದ ಬುಡದ ಫೋಟೋ, ಪಂಪಿನ ಫೋಟೋ, ಎಲ್ಲ ಕಪ್ಪು ಬಿಳುಪು. “ನಾವೇ ಮಾಡುತ್ತೇವೆ” ಅನ್ನುವುದು ಪಂಕ್ ಆದರೆ ಇದಕ್ಕಿಂತ ಪಂಕ್ ಯಾವುದು ಅಂತ ಕೇಳಿದೆ. ಒಂದು ಸಂಚಿಕೆ ಓದುವುದಕ್ಕೆ ಅಂತ ತೆಗೆದುಕೊಂಡು ಹೋದಳು, ದುಡ್ಡು ಕೊಟ್ಟಲ್ಲ.

ಇನ್ನೊಂದು ವಸ್ತು ಉಂಟು. ಅದರಿಂದಲೇ ಮನೆಯಲ್ಲಿ ಎರಡು ದಿನ ಮಾತುಕತೆ ಆದದ್ದು. 1981ರಲ್ಲಿ ನಮ್ಮ ಕಡೆಯ ಯುವಕ ಸಂಘದವರು ತಂದ ಒಂದು ಸ್ಮರಣ ಸಂಚಿಕೆ, ನಲವತ್ತು ಪುಟ. ದೊಡ್ಡಣ್ಣನೇ ಜೋಡಿಸಿದ್ದು. ನಡುವೆ ಒಂದು ಫೋಟೋ. ಟ್ರಿಬ್ಯೂನಲ್ಲಿನಲ್ಲಿ ಆರ್ಡರ್ ಆದ ದಿನ ಕಚೇರಿಯ ಹೊರಗೆ ಗೇಣಿದಾರರು ಸಾಲಾಗಿ ನಿಂತದ್ದು. ಪೇಟೆಯ ಸ್ಟುಡಿಯೋದವರು ತೆಗೆದದ್ದು. ಹನ್ನೆರಡು ಜನರಲ್ಲಿ ಒಬ್ಬ ಅಲ್ಲಾಡಿದ್ದಾನೆ. ಅವನೇ ನಮ್ಮ ಅಪ್ಪ.

ಆಗ ಫೋಟೋ ಅಚ್ಚು ಹಾಕಬೇಕಾದರೆ ಸತುವಿನ ತಗಡಿನಲ್ಲಿ ಬ್ಲಾಕ್ ಮಾಡಿಸಬೇಕು. ಜಾಲರಿಯ ಮೂಲಕ ಫೋಟೋ ಹಿಡಿದು, ಆಸಿಡ್ಡಿನಲ್ಲಿ ಕೊರೆಸಿ, ಚುಕ್ಕೆ ಚುಕ್ಕೆ ಎದ್ದು ನಿಲ್ಲುವ ಹಾಗೆ. ಒಳ್ಳೆ ನುಣುಪು ಕಾಗದಕ್ಕಾದರೆ ಇಂಚಿಗೆ ನೂರಿಪ್ಪತ್ತು ಗೆರೆಯ ಜಾಲರಿ. ನ್ಯೂಸ್‌ಪ್ರಿಂಟಿಗೆ 55, 65. ಅದಕ್ಕಿಂತ ಸಣ್ಣದು ಹಾಕಿದರೆ ಶಾಯಿ ತುಂಬಿ ಕಪ್ಪು ಮುದ್ದೆ. ಹಾಗಾಗಿ ಮುಖ ಅಂದರೆ ರಾಗಿ ಚೆಲ್ಲಿದ ಹಾಗೆ ಚುಕ್ಕೆ. ಅಪ್ಪನ ಮುಖ ಅಂತೂ ಅಲ್ಲಾಡಿದ್ದೂ ಸೇರಿ, ಮೂಗು ಎಲ್ಲಿ ಕಣ್ಣು ಎಲ್ಲಿ ತಿಳಿಯುವುದಿಲ್ಲ. ಪಂಚೆ ಎತ್ತಿ ಕಟ್ಟಿದ ಕಾಲು ಮಾತ್ರ ಅವನದ್ದೇ.

ಮೂಲ ಫೋಟೋ ಇಲ್ಲ. ಸ್ಟುಡಿಯೋ ಮುಚ್ಚಿ ಹೋಯಿತು. ಅಪ್ಪನ ಬೇರೆ ಫೋಟೋ ಯಾವುದೂ ನಮ್ಮಲ್ಲಿ ಇಲ್ಲ.

ಈ ಸಂಚಿಕೆಗೆ ಹುಡುಗಿ ನಾಲ್ಕು ಸಾವಿರ ಹೇಳಿದಳು. ಲಂಕೇಶ್ ಪತ್ರಿಕೆಗೆ ಒಂದಕ್ಕೆ ಮುನ್ನೂರರ ಹಾಗೆ ಹೇಳಿದವಳು ಇದಕ್ಕೆ ನಾಲ್ಕು ಸಾವಿರ. ಆ ಅಲ್ಲಾಡಿದ ಫೋಟೋ ನೋಡಿಯೇ. ನನ್ನ ಮಗ, “ಮೊಬೈಲಲ್ಲಿ ಫೋಟೋ ಹೊಡ್ದಿಟ್ಟು ಕೊಟ್ಬಿಡುವಾ ಅಪ್ಪಾ, ಹೇಗೂ ಮುಖ ಕಾಣೂದಿಲ್ಲ” ಅಂದ. ಅವನು ಹೇಳಿದ್ದರಲ್ಲಿ ಲೆಕ್ಕ ಉಂಟು. ಕೊಟ್ಟಿಗೆಯ ಮಾಡು ಸೋರುತ್ತಿತ್ತು, ಪಕಾಶಿ ಹಾಳಾಗಿತ್ತು. ನಾಲ್ಕು ಸಾವಿರ ನಮಗೆ ಸಣ್ಣದಲ್ಲ. ಆದರೆ ಟ್ರಂಕು ಅತ್ತಿಗೆಯದ್ದು. ತೀರ್ಮಾನ ಅವರದ್ದೇ ಆಗಬೇಕು ಅಂತ ನಾನು ಸುಮ್ಮನೆ ಇದ್ದೆ.

ಅತ್ತಿಗೆ ಮಾಡಿದ ವ್ಯವಹಾರ ಕೇಳಿ. ನಾಲ್ಕನೇ ಕ್ಲಾಸು ಓದಿದವರು. ಮೊದಲು ಕೇಳಿದ್ದು, “ಈ ಲಂಕೇಶ್ ಪತ್ರಿಕೆ ಬೇರೆಯವ್ರ ಮನೇಲೂ ಉಂಟಾ?” ಅಂತ. ಸಾವಿರಾರು ಮನೆಯಲ್ಲಿ ಇರಬಹುದು, ದೊಡ್ಡ ಲೈಬ್ರರಿಗಳಲ್ಲಿ ಬೈಂಡ್ ಮಾಡಿ ಇಟ್ಟದ್ದೂ ಉಂಟು ಅಂತ ಹುಡುಗಿ ಹೇಳಿದಳು. “ಹಂಗಾರೆ ಅದು ಕೊಡೂದು” ಅಂದರು. ಸುಧಾ, ಮಯೂರ, ತುಷಾರ ಕೂಡ ಹಾಗೇ. ಸ್ಮರಣ ಸಂಚಿಕೆ ಬೇರೆ ಎಲ್ಲಾದರೂ ಉಂಟಾ ಅಂದರೆ ಯಾರಿಗೂ ಗೊತ್ತಿಲ್ಲ. “ಇಲ್ಲದ್ದು ಕೊಡೂದಿಲ್ಲ” ಅಂದರು. ಮುಗೀತು.

ಲೆಕ್ಕ ಬೇಕಾದವರಿಗೆ: ಲಂಕೇಶ್ ಪತ್ರಿಕೆ 64 ಸಂಚಿಕೆ, ಮುನ್ನೂರರ ಹಾಗೆ 19,200. ಉಳಿದ ವಾರಪತ್ರಿಕೆ, ಮಾಸಪತ್ರಿಕೆ 70, ನೂರಿಪ್ಪತ್ತರ ಹಾಗೆ 8,400. ಒಟ್ಟು 27,600. ಹರಿದದ್ದು, ಮುಖಪುಟ ಇಲ್ಲದ್ದು ಅವಳು ತೆಗೆದುಕೊಳ್ಳಲಿಲ್ಲ. ಇದು ನಮಗೆ ಸಿಕ್ಕಿದ ಬೆಲೆ, ಎಲ್ಲರಿಗೂ ಇದೇ ಸಿಗ್ತದೆ ಅಂತ ಹೇಳುತ್ತಿಲ್ಲ. ನನಗೆ ಫೋನ್ ಮಾಡಿ ಅವಳ ನಂಬರ್ ಕೇಳಬೇಡಿ, ಕೇಳದೇ ಕೊಡುವುದು ಸರಿಯಲ್ಲ.

ಹಳೆ ಕಾಗದ ಇಡುವ ಬಗ್ಗೆ ಅವಳು ಹೇಳಿಕೊಟ್ಟದ್ದು ಕೆಲವು ನಿಮಗೂ ಉಪಯೋಗ ಆಗಬಹುದು. ನಮ್ಮ ಕರಾವಳಿಯ ಹವೆಗೆ ಕಾಗದವನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಬಿಗಿದು ಕಟ್ಟಬಾರದು, ಒಳಗೇ ಬೆವರಿ ಬೂಸಲು ಬರ್ತದೆ. ಗಾಳಿಗೆ ಹರಡಬಹುದು, ನೇರ ಬಿಸಿಲಿಗೆ ಬೇಡ. ನ್ಯೂಸ್‌ಪ್ರಿಂಟ್ ಮರದ ತಿರುಳಿನದ್ದು, ಬಿಸಿಲಿಗೆ ಇಟ್ಟಷ್ಟು ಬೇಗ ಹಳದಿಯಾಗಿ ಹಪ್ಪಳದ ಹಾಗೆ ಮುರಿಯುತ್ತದೆ. ಹರಿದಲ್ಲಿ ಸೆಲ್ಲೋಟೇಪ್ ಅಂಟಿಸಲೇಬೇಡಿ, ಅದರ ಅಂಟು ಕೆಲವು ವರ್ಷಕ್ಕೆ ಕಂದು ಕಲೆಯಾಗಿ ಅಕ್ಷರವನ್ನೇ ತಿನ್ನುತ್ತದೆ. ಪಿನ್ ತುಕ್ಕು ಹಿಡಿದಿದ್ದರೆ ನಿಧಾನಕ್ಕೆ ಬಿಡಿಸಿ, ನೂಲಿನಲ್ಲಿ ಹೊಲಿಯಿರಿ. ಟ್ರಂಕನ್ನು ಮಣ್ಣಿನ ನೆಲಕ್ಕೆ ತಾಗಿಸಿ ಇಡಬೇಡಿ, ನಾಲ್ಕು ಚೀರೆಕಲ್ಲಿನ ಮೇಲೆ ಇಡಿ. ಒರಲೆ ಹತ್ತಿದರೆ ಕಣ್ಣಿಗೆ ಕಾಣಬೇಕು.

ದೊಡ್ಡಣ್ಣನ ಪ್ರೆಸ್ಸು ಕಂಪ್ಯೂಟರ್ ಬಂದ ಮೇಲೆ ನಿಂತಿತು. ಮೊಳೆಗಳನ್ನು ಕೆಜಿ ಲೆಕ್ಕದಲ್ಲಿ ತೂಗಿ ಮಾರಿದರು. ಸ್ವಲ್ಪ ಭಾಗ ಬಂದರಿನ ಕಡೆಯವರು ತೆಗೆದುಕೊಂಡು ಹೋಗಿ ಕರಗಿಸಿ ಬಲೆಯ ಗುಂಡು ಮಾಡಿದರು ಅಂತ ಅವನು ಹೇಳುತ್ತಿದ್ದ. ಕನ್ನಡ ಅಕ್ಷರ ಸಮುದ್ರದ ಅಡಿ ಸೇರಿತು ಅಂತ ನಗುತ್ತಿದ್ದ. ಆಮೇಲೆ ಹದಿನೈದು ವರ್ಷ ನಮ್ಮ ಜೊತೆಗೇ ಗದ್ದೆ ಮಾಡಿದ. ನಟ್ಟಿಯ ಸಾಲು ಅವನದ್ದು ನೋಡಬೇಕಿತ್ತು ನೀವು, ನೂಲು ಹಿಡಿದ ಹಾಗೆ.

ಕರಪತ್ರ ಎರಡಿತ್ತಲ್ಲ. ಒಂದನ್ನು ಅತ್ತಿಗೆ ಹುಡುಗಿಗೆ ದುಡ್ಡು ತೆಗೆದುಕೊಳ್ಳದೇ ಕೊಟ್ಟರು. ಅವಳು ಒಂದು ನೋಟ್‌ಬುಕ್ ತೆಗೆದು ಬರೆದುಕೊಂಡಳು. ಯಾವ ವರ್ಷ, ಯಾವ ಊರು, ಎಂಥ ಕಾಗದ. “ಡಿಸೈನ್ ಮಾಡಿದವರ ಹೆಸರು ಬೇಕು ಆಂಟಿ” ಅಂತ ಕೇಳಿದಳು. ಪ್ರೆಸ್ಸಿನ ಹೆಸರು ಕೆಳಗೆ ಉಂಟಲ್ಲ ಅಂದೆ ನಾನು. “ಅದಲ್ಲ, ಅಕ್ಷರ ಜೋಡಿಸಿದವರದ್ದು” ಅಂದಳು. ಮೂವತ್ತು ವರ್ಷ ಊರಿನವರ ಹೆಸರೆಲ್ಲ ಜೋಡಿಸಿದವನು. ಅವನ ಹೆಸರು ಅಚ್ಚಾದದ್ದು ಅವನ ಮದುವೆ ಕಾಗದದಲ್ಲಿ ಒಂದೇ ಸಲ. ಅದನ್ನೂ ಅವನೇ ಜೋಡಿಸಿದ್ದು.

ಅತ್ತಿಗೆ ಗಂಡನ ಹೆಸರು ಬಾಯಲ್ಲಿ ಹೇಳುವವರಲ್ಲ. ನನ್ನ ಮುಖ ನೋಡಿದರು. ನಾನು ಹೇಳಿದೆ. ಹುಡುಗಿ ಇಂಗ್ಲಿಷಿನಲ್ಲಿ ಬರೆದಳು. ಅತ್ತಿಗೆ ಬಗ್ಗಿ ನೋಡಿ, “ಕನ್ನಡದಲ್ಲಿ ಬರಿ ತಂಗೀ” ಅಂದರು. ಅವಳು ಹೊಡೆದು ಹಾಕಿ ಕೆಳಗೆ ಕನ್ನಡದಲ್ಲಿ ಬರೆದಳು. ಹೆಸರಿನಲ್ಲಿ ಒಂದು ‘ರ’ ಉಂಟು, ಚಂದ ಬರೆದಿದ್ದಳು.

ಶಿರಾಲಿ, ಮುರ್ಡೇಶ್ವರ, ಮಂಕಿ, ಹೊನ್ನಾವರ, ಕುಮಟೆ ಕಡೆಯ ಓದುಗರಲ್ಲಿ ಒಂದು ಕೇಳಿಕೆ. 1974ರಿಂದ 79ರ ನಡುವೆ ಡಿಕ್ಲರೇಶನ್ ಬಗ್ಗೆ ಅಚ್ಚಾದ ಕರಪತ್ರ, ಗೇಣಿದಾರರ ಸಭೆಯ ನೋಟೀಸು, ಅಂಥದ್ದು ನಿಮ್ಮ ಅಟ್ಟದಲ್ಲಿ, ಹಳೆ ಪಹಣಿ ಕಟ್ಟಿನೊಳಗೆ ಇದ್ದರೆ ಎರಡೂ ಬದಿಯ ಫೋಟೋ ತೆಗೆದು ಕಳಿಸಿ. 1981ರ ಆ ಸ್ಮರಣ ಸಂಚಿಕೆಯ ಇನ್ನೊಂದು ಪ್ರತಿ ಯಾರಲ್ಲಾದರೂ ಇದ್ದರೆ ತಿಳಿಸಿ. ಅಪ್ಪನ ಪಕ್ಕದಲ್ಲಿ ಛತ್ರಿ ಹಿಡಿದು ನಿಂತವರು ಯಾರು ಅಂತ ನಮಗೆ ಯಾರಿಗೂ ಗುರುತು ಹತ್ತುತ್ತಿಲ್ಲ.

ಮಲ್ಲಿಗೆಯ ಕರಿ ಚುಕ್ಕೆ ರೋಗದ ಬಗ್ಗೆ ಕೇಳಿದವರಿಗೆ ಬರುವ ವಾರ ಬರೆಯುತ್ತೇನೆ. ಈಗ ಮಳೆ ಸ್ವಲ್ಪ ಬಿಟ್ಟಿದೆ, ಗದ್ದೆಯ ಕಂಟ ನೋಡಿ ಬರಬೇಕು.